ಟಿವಿ, ವೈಫೈ ಒಂದೇ ಪ್ಯಾಕ್‌ನಲ್ಲಿ: ನಿಜವಾಗಿ ದುಡ್ಡು ಉಳಿಯಬೇಕಾದರೆ ಹೀಗೆ ಮಾಡಿ

ಡಿಟಿಎಚ್‌ಗೆ ಒಂದು ರೀಚಾರ್ಜ್, ವೈಫೈಗೆ ಒಂದು ಬಿಲ್, ನೆಟ್‌ಫ್ಲಿಕ್ಸ್‌ನಂಥ ಒಟಿಟಿ ಆ್ಯಪ್‌ಗೆ ಇನ್ನೊಂದು. ಎಲ್ಲವನ್ನೂ ಸೇರಿಸಿ ಒಂದೇ ಪ್ಯಾಕ್ ತೆಗೆದುಕೊಂಡರೆ ಖರ್ಚು ಇಳಿಯುತ್ತದೆ ಎನ್ನುವುದು ಸುಳ್ಳಲ್ಲ. ಆದರೂ ಎಷ್ಟೋ ಮನೆಗಳಲ್ಲಿ ಇಳಿಯುವುದಿಲ್ಲ. ಹೊಸದನ್ನು ಸೇರಿಸಿಕೊಳ್ಳುತ್ತಾರೆ, ಹಳೆಯದನ್ನು ನಿಲ್ಲಿಸುವುದಿಲ್ಲ.

1. ಮೊದಲು ಲೆಕ್ಕ ಬರೆಯಿರಿ

ಮನೆಯವರೆಲ್ಲರ ಮೊಬೈಲ್ ರೀಚಾರ್ಜ್ ಸೇರಿಸಿ ತಿಂಗಳ ಖರ್ಚನ್ನು ಒಂದು ಹಾಳೆಯಲ್ಲಿ ಬರೆಯಿರಿ. 84 ದಿನದ ಪ್ಯಾಕ್ ಆದರೆ ಮೂರರಿಂದ ಭಾಗಿಸಿ.

2. ಯಾರು ಏನು ನೋಡುತ್ತಾರೆ?

ಇದನ್ನು ಕೇಳದೆ ಪ್ಯಾಕ್ ಆರಿಸಬೇಡಿ. ಜೀ ಕನ್ನಡದ ಧಾರಾವಾಹಿ ಜೀ5ರಲ್ಲಿ ಸಿಗುತ್ತದೆ. ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣದ್ದು ಜಿಯೋಹಾಟ್‌ಸ್ಟಾರ್‌ನಲ್ಲಿ, ಉದಯ ಟಿವಿಯದ್ದು ಸನ್ ನೆಕ್ಸ್ಟ್‌ನಲ್ಲಿ. ಅಮ್ಮ ನೋಡುವ ಧಾರಾವಾಹಿಯ ಆ್ಯಪ್ ಪ್ಯಾಕ್‌ನಲ್ಲಿ ಇಲ್ಲದಿದ್ದರೆ, ಉಳಿದ ಇಪ್ಪತ್ತು ಆ್ಯಪ್ ಇದ್ದೂ ಪ್ರಯೋಜನವಿಲ್ಲ.

ರಿಮೋಟ್‌ನಲ್ಲಿ ಚಾನೆಲ್ ನಂಬರ್ ಒತ್ತಿಯೇ ಅಭ್ಯಾಸವಿರುವ ಹಿರಿಯರಿದ್ದರೆ ಡಿಟಿಎಚ್ ಅಥವಾ ಕೇಬಲ್ ಇಟ್ಟುಕೊಳ್ಳಿ, ಪ್ಯಾಕ್ ಮಾತ್ರ ಚಿಕ್ಕದು ಮಾಡಿಸಿ. 2019ರ ಫೆಬ್ರವರಿಯಿಂದ ಜಾರಿಯಲ್ಲಿರುವ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮದ ಪ್ರಕಾರ ಬೇಕಾದ ಚಾನೆಲ್ ಮಾತ್ರ ಬಿಡಿಬಿಡಿಯಾಗಿ ಆರಿಸಬಹುದು. ಯಾರೂ ನೋಡದ ಹಿಂದಿ ಕ್ರೀಡೆ, ಇಂಗ್ಲಿಷ್ ಸಿನಿಮಾ ಚಾನೆಲ್ ತೆಗೆಸಿದರೆ ಬಿಲ್ ಚೆನ್ನಾಗಿ ಇಳಿಯುತ್ತದೆ. ಇಂಥ ಮನೆಗೆ ಚಿಕ್ಕ ಡಿಟಿಎಚ್ ಪ್ಯಾಕ್ ಮತ್ತು ಅಗ್ಗದ ನೆಟ್ ಸಾಕು. ದೊಡ್ಡ ಕಾಂಬೋ ಬೇಡವೇ ಬೇಡ.

3. ದರ ಓದುವಾಗ

ಜಾಹೀರಾತಿನ ದರಕ್ಕೆ 18% ಜಿಎಸ್‌ಟಿ ಸೇರುತ್ತದೆ. 699 ಅಂದರೆ 825, 999 ಅಂದರೆ 1,179. ವೇಗಕ್ಕೆ ಜಾಸ್ತಿ ದುಡ್ಡು ಸುರಿಯಬೇಡಿ. ಫುಲ್ ಎಚ್‌ಡಿ ವಿಡಿಯೊಗೆ ಸುಮಾರು 5 ಎಂಬಿಪಿಎಸ್ (ನೆಟ್ ವೇಗದ ಅಳತೆ), 4ಕೆಗೆ 15ರಿಂದ 25 ಸಾಕು. ನಾಲ್ಕು ಜನರ ಮನೆಗೆ 100 ಎಂಬಿಪಿಎಸ್ ಧಾರಾಳ.

4. ಒಟಿಟಿ: ಎಲ್ಲರೂ ಎಡವುವುದು ಇಲ್ಲೇ

ಒಂದು ಲೆಕ್ಕ ನೋಡಿ. ಡಿಟಿಎಚ್ 350, ನೆಟ್ 825, ನೆಟ್‌ಫ್ಲಿಕ್ಸ್ ಬೇಸಿಕ್ 199. ಒಟ್ಟು 1,374 ರೂಪಾಯಿ. ಟಿವಿ ಚಾನೆಲ್, ನೆಟ್‌ಫ್ಲಿಕ್ಸ್ ಎಲ್ಲ ಸೇರಿದ 999ರ ಪ್ಯಾಕ್‌ಗೆ ಹೋದರೆ 1,179. ತಿಂಗಳಿಗೆ 195 ಉಳಿಯಿತು. ಆದರೆ ಹಳೆಯ ನೆಟ್‌ಫ್ಲಿಕ್ಸ್‌ನ 199 ಆಟೋಪೇಯಲ್ಲಿ ಕಟ್ ಆಗುತ್ತಲೇ ಇದ್ದರೆ? 1,378. ಮೊದಲಿಗಿಂತ 4 ರೂಪಾಯಿ ಜಾಸ್ತಿಯೇ ಆಯಿತಲ್ವಾ?

ಪ್ಯಾಕ್ ಜೊತೆ ಬಂದ ಒಟಿಟಿ ತಾನಾಗಿಯೇ ಶುರುವಾಗುವುದಿಲ್ಲ. ನೋಂದಾಯಿಸಿದ ನಂಬರ್‌ಗೆ ಬರುವ ಲಿಂಕ್‌ನಿಂದ ಅಥವಾ ಕಂಪನಿಯ ಆ್ಯಪ್‌ನಿಂದ ಆ್ಯಕ್ಟಿವೇಟ್ ಮಾಡಬೇಕು. ಆಗ ಇಮೇಲ್ ಕೇಳುತ್ತದೆ. ಇಲ್ಲಿ ತುಂಬ ಜನ ಹೊಸ ಇಮೇಲ್ ಕೊಟ್ಟು ಹೊಸ ಖಾತೆ ತೆರೆದುಬಿಡುತ್ತಾರೆ. ಹಳೆಯ ಖಾತೆ ಅದರ ಪಾಡಿಗೆ ದುಡ್ಡು ಎಳೆಯುತ್ತಿರುತ್ತದೆ. ನೆಟ್‌ಫ್ಲಿಕ್ಸ್‌ನಲ್ಲಿ ಹಳೆಯ ಖಾತೆಯನ್ನೇ ಪ್ಯಾಕ್‌ಗೆ ಜೋಡಿಸಬಹುದು. ಹಾಗೆ ಮಾಡಿ. ಅರ್ಧ ನೋಡಿ ಬಿಟ್ಟ ಸರಣಿ ಕೂಡ ಅಲ್ಲೇ ಇರುತ್ತದೆ.

ಆಮೇಲೆ ಆಟೋಪೇ. ಫೋನ್‌ಪೇ, ಗೂಗಲ್ ಪೇಯಲ್ಲಿ ನಿಮ್ಮ ಪ್ರೊಫೈಲ್ ಒತ್ತಿದರೆ ಆಟೋಪೇ ಪಟ್ಟಿ ಸಿಗುತ್ತದೆ. ಒಂದೊಂದೇ ತೆರೆದು ನೋಡಿ. ಪ್ಲೇ ಸ್ಟೋರ್ ಮೂಲಕ ಚಂದಾ ಕಟ್ಟಿದ್ದರೆ ಅದನ್ನು ಅಲ್ಲಿಯೇ ರದ್ದು ಮಾಡಬೇಕು. ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಬೆಂಗಳೂರಿನಲ್ಲಿರುವ ಮಗನ ಫೋನಿನಿಂದ ಊರಿನ ಟಿವಿಗೆ ದುಡ್ಡು ಹೋಗುತ್ತಿದ್ದರೆ ಅವನ ಫೋನೂ ನೋಡಬೇಕು. ಮೊಬೈಲ್ ರೀಚಾರ್ಜ್ ಜೊತೆಗೂ ಒಟಿಟಿ ಬರುತ್ತದೆ ಎನ್ನುವುದು ನೆನಪಿರಲಿ. ಒಂದೇ ಮನೆಯಲ್ಲಿ ಒಂದೇ ಆ್ಯಪ್‌ಗೆ ಮೂರು ಚಂದಾ ಇರುವುದು ಅಪರೂಪವೇನಲ್ಲ.

ಇನ್ನೊಂದು ಮಾತು. 'ನೆಟ್‌ಫ್ಲಿಕ್ಸ್ ಉಚಿತ' ಎಂದು ಬರೆದಿದ್ದರೆ ಯಾವ ಪ್ಲಾನ್ ಎಂದು ಕೇಳಿ. 149 ರೂಪಾಯಿಯ ಮೊಬೈಲ್ ಪ್ಲಾನ್ ಟಿವಿಯಲ್ಲಿ ಬರುವುದೇ ಇಲ್ಲ, ಫೋನಿನಿಂದ ಟಿವಿ ಪರದೆಗೆ ಕಾಸ್ಟ್ ಮಾಡಲೂ ಆಗುವುದಿಲ್ಲ. ಟಿವಿಗೆಂದು ಪ್ಯಾಕ್ ಕೊಂಡು ಅಂಗೈಯಲ್ಲಿ ಸಿನಿಮಾ ನೋಡುವ ಸ್ಥಿತಿ ಯಾರಿಗೂ ಬೇಡ.

'ಒಮ್ಮೆ ದುಡ್ಡು ಕೊಡಿ, ಎಲ್ಲ ಚಾನೆಲ್ ಜೀವನಪೂರ್ತಿ ಫ್ರೀ' ಎನ್ನುವ ಆಂಡ್ರಾಯ್ಡ್ ಬಾಕ್ಸ್‌ಗಳನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ. ಅದು ಕಳ್ಳ ಪ್ರಸಾರ. ಯಾವತ್ತು ನಿಲ್ಲುತ್ತದೋ ಗೊತ್ತಿಲ್ಲ, ಜೊತೆಗೆ ಅದು ಕೂರುವುದು ನೀವು ಬ್ಯಾಂಕ್ ವ್ಯವಹಾರ ಮಾಡುವ ಅದೇ ವೈಫೈ ಮೇಲೆ.

5. ವೈಫೈಗೆ ಫೈಬರ್ ಕೇಬಲ್ ಹಾಕಿಸುವ ದಿನ

'ವೈಫೈ ಬಾಕ್ಸ್ ಎಲ್ಲಿಡಲಿ ಸಾರ್?' ಎಂದು ಲೈನ್ ಹಾಕಲು ಬಂದ ಹುಡುಗ ಕೇಳಿದಾಗ ಬಾಗಿಲ ಪಕ್ಕ ತೋರಿಸಬೇಡಿ. ಟಿವಿ ಹತ್ತಿರವೇ ಇಡಿಸಿ, ಅಲ್ಲಿಂದ ಟಿವಿಗೆ ಒಂದು ಲ್ಯಾನ್ ಕೇಬಲ್ ಎಳೆಯಿರಿ. ನಾಲ್ಕು ಗೋಡೆ ದಾಟಿ ಬರುವ ವೈಫೈನಲ್ಲಿ ಧಾರಾವಾಹಿ ನಿಂತು ನಿಂತು ಓಡಿದರೆ ವಾರದಲ್ಲೇ ಮನೆಯವರು ಹಳೆಯ ಡಿಟಿಎಚ್ ರೀಚಾರ್ಜ್ ಮಾಡಿಸುತ್ತಾರೆ. ಅಲ್ಲಿಗೆ ಉಳಿತಾಯ ಮುಗಿಯಿತು. ವೈಫೈಯನ್ನು ದೂರಕ್ಕೆ ಮುಟ್ಟಿಸುವ ಅಗ್ಗದ ರಿಪೀಟರ್ ಬೇಡ, ಲ್ಯಾನ್ ಕೇಬಲ್ ಅದಕ್ಕಿಂತ ಸಾವಿರ ಪಾಲು ಮೇಲು. ಇನ್ವರ್ಟರ್ ಇದ್ದರೆ ಟಿವಿ ಜೊತೆ ಈ ಬಾಕ್ಸ್‌ನ ಪ್ಲಗ್ ಕೂಡ ಅದೇ ಲೈನಿಗೆ ಕೊಡಿಸಿ.

ಮೊದಲಿಗೆ ಒಂದು ತಿಂಗಳ ಪ್ಲಾನ್ ಮಾತ್ರ ತೆಗೆದುಕೊಳ್ಳಿ. ವರ್ಷದ ದುಡ್ಡು ಮುಂಗಡ ಕಟ್ಟಿದರೆ ಇನ್‌ಸ್ಟಾಲೇಶನ್ ಫ್ರೀ ಎನ್ನುತ್ತಾರೆ, ಒಪ್ಪಬೇಡಿ. ನಿಮ್ಮ ಬೀದಿಯಲ್ಲಿ ಸರ್ವೀಸ್ ಹೇಗಿದೆ ಎಂದು ತಿಳಿದ ಮೇಲೆ ವರ್ಷದ ಮಾತು.

6. ಡಿಟಿಎಚ್ ನಿಲ್ಲಿಸುವುದು

ಹೊಸದು ಸರಿಯಾಗಿ ಓಡುವವರೆಗೆ ಹಳೆಯದಕ್ಕೆ ಕೈ ಹಾಕಬೇಡಿ. ಆಮೇಲೆ ರೀಚಾರ್ಜ್ ಮಾಡದೆ ಬಿಟ್ಟರೆ ಸಾಕು. ಮಲೆನಾಡಿನವರು ಮಳೆಗಾಲ ಕಳೆಯುವವರೆಗೆ ಕಾಯಿರಿ. ಜೋರು ಮಳೆಗೆ ಡಿಟಿಎಚ್ ಸಿಗ್ನಲ್ ಹೋದರೂ ಸ್ವಲ್ಪ ಹೊತ್ತಿಗೆ ವಾಪಸ್ ಬರುತ್ತದೆ. ಮರ ಬಿದ್ದು ಫೈಬರ್ ತುಂಡಾದರೆ ಜೋಡಿಸಲು ಜನ ಬರಬೇಕು. ದೂರದರ್ಶನದ ಡಿಡಿ ಫ್ರೀ ಡಿಶ್‌ಗೆ ತಿಂಗಳ ಶುಲ್ಕವಿಲ್ಲ, ಡಿಡಿ ಚಂದನ ಅದರಲ್ಲಿ ಬರುತ್ತದೆ. ಬದಲಿ ವ್ಯವಸ್ಥೆಯಾಗಿ ಒಳ್ಳೆಯದೇ.

7. ಮೊಬೈಲ್ ಪ್ಯಾಕ್ ಇಳಿಸಿ

ಮನೆಗೆ ವೈಫೈ ಬಂದ ಮೇಲೂ ದಿನಕ್ಕೆ 2 ಜಿಬಿಯ ಪ್ಯಾಕ್ ಎಲ್ಲರಿಗೂ ಯಾಕೆ? ದೊಡ್ಡ ಉಳಿತಾಯ ಇರುವುದು ಇಲ್ಲಿಯೇ. 2024ರ ಡಿಸೆಂಬರ್‌ನಲ್ಲಿ ಟ್ರಾಯ್ ನಿಯಮ ಬದಲಿಸಿದ ಮೇಲೆ ಬರೀ ಕರೆ ಮತ್ತು ಎಸ್‌ಎಂಎಸ್ ಇರುವ ಪ್ಯಾಕ್‌ಗಳನ್ನು ಕಂಪನಿಗಳು ಕೊಡಲೇಬೇಕು. ಮನೆಬಿಟ್ಟು ಹೆಚ್ಚು ಹೋಗದ ಅಜ್ಜ, ಅಜ್ಜಿಯ ಫೋನಿಗೆ ಅದನ್ನೇ ಹಾಕಿಸಿ. ಅಂಗಡಿಯವರು ತಾವಾಗಿ ಹೇಳುವುದು ಕಡಿಮೆ, ಬಾಯಿಬಿಟ್ಟು ಕೇಳಬೇಕು.

ಕೊನೆಯದಾಗಿ, ಹಳೆಯ ಕೇಬಲ್ ಬಾಕ್ಸ್ ಅಥವಾ ರೂಟರ್‌ಗೆ ಡೆಪಾಸಿಟ್ ಕಟ್ಟಿದ್ದರೆ ಅಡಾಪ್ಟರ್, ರಿಮೋಟ್ ಸಮೇತ ವಾಪಸ್ ಕೊಟ್ಟು ರಸೀದಿ ಕೇಳಿ. ಬಾಕ್ಸ್ ಹಿಂಭಾಗದ ನಂಬರ್ ಕಾಣುವ ಹಾಗೆ ಫೋಟೊ ತೆಗೆದು, ಡೆಪಾಸಿಟ್ ಕೈಗೆ ಬರುವವರೆಗೆ ಫೋನಿನಲ್ಲಿ ಇಟ್ಟುಕೊಳ್ಳಿ.