ಬೇಸಿಗೆಯಲ್ಲಿ ಹೊಳೆದಂಡೆಯ ಹಕ್ಕಿಗಳನ್ನು ನಾನು ಲೆಕ್ಕ ಹಾಕುವ ಬಗೆ

ಚಳಿಗಾಲದ ಬಾತುಗಳು ಹೊರಟ ಮೇಲೆ ಹಕ್ಕಿ ನೋಡುವವರಲ್ಲಿ ಅನೇಕರು ಬೈನಾಕ್ಯುಲರ್ ಎತ್ತಿಡುತ್ತಾರೆ. ನನಗಂತೂ ಮೈಸೂರು, ಶ್ರೀರಂಗಪಟ್ಟಣದ ಸೀಮೆಯಲ್ಲಿ ಮಾರ್ಚ್‌ನಿಂದ ಜೂನ್‌ವರೆಗಿನ ಕಾಲವೇ ಮುಖ್ಯ. ಕಾವೇರಿ ಇಳಿದು ದಂಡೆ, ಬಂಡೆ, ಮರಳುದಿಣ್ಣೆ ಬಯಲಾದಾಗಲೇ ನೆಲದಲ್ಲಿ ಗೂಡು ಮಾಡುವ ಹಕ್ಕಿಗಳಿಗೆ ಜಾಗ ಸಿಗುವುದು.

ಹೆಚ್ಚು ಹೊತ್ತು ಕೊಡುವುದು ನೀಲಿಬಾಲದ ಕಳ್ಳಿಪೀರಕ್ಕೆ. ನಗುವನಹಳ್ಳಿಯ ಕಡೆ ಇವು ಮರಳು ಬೆರೆತ ಮಣ್ಣಿನಲ್ಲಿ ಗುಂಪಾಗಿ ಬಿಲ ತೋಡುತ್ತವೆ. ಅಲ್ಲೇ ತಿರುಗಾಡುವ ಸಣ್ಣ ಹಸಿರು ಕಳ್ಳಿಪೀರದ ಜೊತೆ ಇದನ್ನು ಕಲಸಿಬಿಡುವುದೇ ಹೆಚ್ಚು. ಬಾಲದ ನಡುವಿನ ಉದ್ದನೆಯ ಗರಿ ಎರಡಕ್ಕೂ ಇರುವುದರಿಂದ ಅದನ್ನು ನಂಬಬೇಡಿ, ಗಂಟಲು ನೋಡಿ. ಸಣ್ಣದಕ್ಕೆ ಗಂಟಲಡಿ ಕಪ್ಪು ಗೀರು. ನೀಲಿಬಾಲದ್ದಕ್ಕೆ ಕಂದುಗೆಂಪು ಗಂಟಲು, ದೊಡ್ಡ ಮೈ, ಹಾರುವಾಗ ಸೊಂಟದಿಂದ ಬಾಲದ ತನಕ ಒಂದೇ ನೀಲಿ.

ಬೆಳಗ್ಗೆ ಆರಕ್ಕೆ ಜಾಗ ಸೇರಿ, ಸೂರ್ಯ ಬೆನ್ನಿಗಿರುವಂತೆ ಕೂರುತ್ತೇನೆ. ಎದುರು ಬಿಸಿಲಾದರೆ ಬಣ್ಣವೆಲ್ಲ ಕಪ್ಪು. 8×42 ಬೈನಾಕ್ಯುಲರ್ ಸಾಕು. ಬಿಲದ ಸಾಲಿನಿಂದ ಕನಿಷ್ಠ 40 ಮೀಟರ್ ದೂರ. ಏರೋಪ್ಲೇನ್ ಚಿಟ್ಟೆ ಕಚ್ಚಿಕೊಂಡ ಹಕ್ಕಿ ತಂತಿಯ ಮೇಲೆ ಕುಳಿತೇ ಇದ್ದು ಬಿಲಕ್ಕೆ ಇಳಿಯದಿದ್ದರೆ ನಾವು ಹತ್ತಿರವಾದೆವೆಂದೇ ಅರ್ಥ. ಎದ್ದು ಇನ್ನಷ್ಟು ಹಿಂದೆ ಸರಿಯಬೇಕು, ಮರಿಗಳು ಒಳಗೆ ಹಸಿದಿರುತ್ತವೆ.

ಹಾರುವ ಹಕ್ಕಿಗಳನ್ನು ಎಣಿಸಿದರೆ ಲೆಕ್ಕ ಕೆಡುತ್ತದೆ. ಅರ್ಧ ಬಿಲದೊಳಗೆ, ಅರ್ಧ ಬೇಟೆಗೆ. ಬಿಲಗಳನ್ನೆಲ್ಲ ಎಣಿಸಿದರೂ ತಪ್ಪೇ, ಹಳೆಯವು ಖಾಲಿ ಬಿದ್ದಿರುತ್ತವೆ. ಬಿಲದ ಬಾಯಲ್ಲಿ ಜೇಡರಬಲೆ ಇದ್ದರೆ ಅದನ್ನು ಬಿಟ್ಟುಬಿಡುತ್ತೇನೆ. ಬಳಕೆಯ ಬಿಲದ ಹೊಸ್ತಿಲಲ್ಲಿ ಕಾಲು ಸವೆಸಿದ ಎರಡು ಗೆರೆ ಕಾಣುತ್ತವೆ. ದಂಡೆಯ ಫೋಟೊ ತೆಗೆದು ಬಿಲಗಳಿಗೆ ಅಂಕಿ ಹಾಕಿ, ಇಪ್ಪತ್ತು ನಿಮಿಷದಲ್ಲಿ ಯಾವುದಕ್ಕೆ ಹಕ್ಕಿ ಹೊಕ್ಕಿತೋ ಅದಕ್ಕೆ ಗುರುತು. ದಂಡೆಯ ಮೇಲಂಚಿನಲ್ಲಿ ಮಾತ್ರ ಎಂದೂ ನಡೆಯಬೇಡಿ, ಸಡಿಲ ಮಣ್ಣು ಕುಸಿದರೆ ಬಿಲ ಮುಚ್ಚಿಹೋಗುತ್ತದೆ.

ಕೆ.ಆರ್.ಎಸ್. ಹಿನ್ನೀರಿನ ಬಯಲಿನಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಟಿಟ್ಟಿಭ ನಾಲ್ಕು ಮೊಟ್ಟೆಗಳನ್ನು ಬರೀ ಕಲ್ಲುಹರಳಿನ ನಡುವೆ ಇಡುತ್ತದೆ, ಕಾಲಡಿ ಬಂದರೂ ಕಾಣದು. ಹೊಟ್ಟೆಯ ಗರಿ ನೀರಲ್ಲಿ ನೆನೆಸಿ ತಂದು ಮೊಟ್ಟೆ ತಂಪು ಮಾಡುವ ಹಕ್ಕಿ ಅದು. ಹತ್ತು ಗಂಟೆಯ ನಂತರ ಅದನ್ನು ಎಬ್ಬಿಸಿದರೆ ಮೊಟ್ಟೆ ಬಿಸಿಲಿಗೆ ಬೆಂದುಹೋಗಬಹುದು. ಕೂಗುತ್ತಾ ತಲೆ ಮೇಲೆ ಸುತ್ತತೊಡಗಿದರೆ ಮುಂದೆ ಹೆಜ್ಜೆಯಿಡದೆ ಬಂದ ದಾರಿಯಲ್ಲೇ ವಾಪಸಾಗುತ್ತೇನೆ. ನೀರು ಇಳಿದಂತೆ ನಡುಗಡ್ಡೆ ದಂಡೆಗೆ ಕೂಡಿಕೊಂಡರೆ ನಾಯಿಗಳು ನುಗ್ಗುತ್ತವೆ. ಅಲ್ಲಿ ಮೊಟ್ಟೆಯಿಟ್ಟ ರೀವ (ಟರ್ನ್) ಹಕ್ಕಿಗಳಿಗೆ ಆಗ ಉಳಿಗಾಲವಿಲ್ಲ. ಆದ್ದರಿಂದ ನೀರಿನ ಅಂಚು ಎಲ್ಲಿದೆ ಎಂಬುದನ್ನೂ ಪ್ರತಿಸಲ ಬರೆದಿಡಬೇಕು.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಇಷ್ಟು ಕಷ್ಟವಿಲ್ಲ. ಹುಣಸೆ ಮರಗಳ ಮೇಲೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರ ನಡುವೆಯೇ ಮರಿ ಸಾಕುತ್ತವೆ. ಮಧ್ಯಾಹ್ನ ಕೊಕ್ಕರೆ ರೆಕ್ಕೆ ಅಗಲಿಸಿ ಮರಿಗೆ ನೆರಳು ಕೊಡುವುದನ್ನು ಬೀದಿಯಲ್ಲೇ ನಿಂತು ನೋಡಬಹುದು. ಬುಡದಲ್ಲಿ ಬಿದ್ದ ಮರಿ ಕಂಡರೆ ಮುಟ್ಟದೆ ಊರಿನವರಿಗೆ ತಿಳಿಸಿ.

ಮೊಟ್ಟೆ, ಮರಿಯ ಫೋಟೊ ಹಂಚುವಾಗ ಲೊಕೇಶನ್ ತೆಗೆದುಹಾಕಿ. ಹಕ್ಕಿ ನೋಡಿದವರು ಲೆಕ್ಕ ದಾಖಲಿಸುವ ಇ-ಬರ್ಡ್ ಜಾಲತಾಣದ ಪಟ್ಟಿಯಲ್ಲೂ ಗೂಡಿನ ನಿಖರ ಜಾಗ ಹಾಕದೆ ಊರಿನ ಹೆಸರಿಗೇ ನಿಲ್ಲಿಸುತ್ತೇನೆ.