ಹಳೆಯ 24 ಇಂಚಿನ ಫೋಟೊ ಪ್ರಿಂಟರ್ ಕೊಂಡೆ, ಮುಳುಗಲಿಲ್ಲ

ಸೆಕೆಂಡ್ ಹ್ಯಾಂಡ್ ಲಾರ್ಜ್ ಫಾರ್ಮ್ಯಾಟ್ ಪ್ರಿಂಟರ್ (ಅಗಲದ ರೋಲ್ ಕಾಗದದ ಮೇಲೆ ದೊಡ್ಡ ಫೋಟೊ ಮುದ್ರಿಸುವ ಯಂತ್ರ) ಕೊಳ್ಳುತ್ತೇನೆ ಎಂದಾಗ ಲ್ಯಾಬಿನವರು, ಫ್ರೇಮಿನವರು, ಕ್ಯಾಮೆರಾ ಗೆಳೆಯರು ಎಲ್ಲರೂ ಬೇಡ ಎಂದೇ ಹೇಳಿದ್ದರು. ಬಸವನಗುಡಿಯ ಫ್ರೇಮ್ ಅಂಗಡಿಯ ಹಿರಿಯರೊಬ್ಬರಂತೂ "ಅದು ಇಂಕು ಕುಡಿಯುವ ಭೂತ ಸ್ವಾಮಿ, ಮನೆಯೊಳಗೆ ಬಿಟ್ಟುಕೊಳ್ಳಬೇಡಿ" ಎಂದು ಕೈ ಮುಗಿದಿದ್ದರು. ಅದೇ ಹಿರಿಯರು ಈಗ ತಮ್ಮ ಗಿರಾಕಿಗಳ ಕೆಲಸವನ್ನು ನನಗೇ ಕಳಿಸುತ್ತಾರೆ. ಆದ್ದರಿಂದ ಇದನ್ನು ಬರೆಯುವ ಹಕ್ಕು ನನಗೆ ಬಂದಿದೆ ಎಂದುಕೊಂಡಿದ್ದೇನೆ. ಪ್ರೊಫೈಲ್ ಎಂದರೆ ಆಯಾ ಇಂಕು, ಕಾಗದಕ್ಕೆ ತಕ್ಕಂತೆ ಬಣ್ಣ ಸರಿಹೊಂದಿಸುವ ಕಡತ; ಪಿಗ್ಮೆಂಟ್ ಎಂದರೆ ಬೇಗ ಮಾಸದ, ಪುಡಿಬಣ್ಣದ ಇಂಕು. ಇಷ್ಟು ಹೇಳಿ ನೇರ ದುಡ್ಡಿನ ವಿಷಯಕ್ಕೆ ಬರುತ್ತೇನೆ.

ನನ್ನ ಕೈಯಲ್ಲಿದ್ದದ್ದು ಹೆಚ್ಚೆಂದರೆ ಒಂದೂಕಾಲು ಲಕ್ಷ. ಹೊಸ 24 ಇಂಚಿನ ಫೋಟೊ ಪ್ರಿಂಟರ್‌ಗೆ ಬಂದ ಕೊಟೇಶನ್, ಶೇಕಡಾ 18ರ ಜಿಎಸ್‌ಟಿ ಸೇರಿದರೆ, ಎರಡೂವರೆ ಲಕ್ಷ ದಾಟುತ್ತಿತ್ತು. ಕಂತಿನಲ್ಲಿ ತೆಗೆದುಕೊಳ್ಳಿ ಎಂದು ಮಾರುವವರು ಹೇಳುತ್ತಾರೆ. ಕಂತು ತಿಂಗಳು ತಿಂಗಳು ತಪ್ಪದೆ ಬರುತ್ತದೆ, ಪ್ರಿಂಟ್ ಕೊಡುವವರು ಹಾಗೆ ಬರುವುದಿಲ್ಲ. ನನಗೆ ಬರುವ ಕೆಲಸವೆಂದರೆ ವನ್ಯಜೀವಿ ಛಾಯಾಗ್ರಾಹಕರದ್ದು, ಚಿತ್ರಸಂತೆಗೆ ಮುಂಚೆ ನಕಲು ಮಾಡಿಸಲು ಬರುವ ಕಲಾವಿದರದ್ದು, ಆಗೊಮ್ಮೆ ಈಗೊಮ್ಮೆ ಹೋಟೆಲಿನ ಗೋಡೆಯದ್ದು. ಹಳೆಯ ಬಿಲ್ಲುಗಳನ್ನು ಹರಡಿಕೊಂಡು ನೋಡಿದರೆ ಹತ್ತರಲ್ಲಿ ಒಂಬತ್ತು ಕೆಲಸ 24 ಇಂಚಿನ ಒಳಗೇ ಇದ್ದವು. 44 ಇಂಚಿನ ಯಂತ್ರ ಆರಡಿಗೂ ಉದ್ದ, ನಮ್ಮ ಮೆಟ್ಟಿಲಿನ ತಿರುವಿನಲ್ಲಿ ಅದು ಏರುವುದೇ ಇಲ್ಲ. ಉಳಿದ ಆ ಒಂದು ಕೆಲಸವನ್ನು ಇಂದಿಗೂ ಹೊರಗೆ ಮಾಡಿಸುತ್ತೇನೆ, ನಷ್ಟವೇನಿಲ್ಲ.

ಇದಕ್ಕೂ ಮುಂಚೆ ಎರಡು ದಾರಿ ಹಿಡಿದು ನೋಡಿದ್ದೆ. ಮೊದಲನೆಯದು 17 ಇಂಚಿನ ಪ್ರಿಂಟರ್, ಅದಕ್ಕೆ ಹೊರಗಿನ ಟ್ಯಾಂಕ್, ಲೀಟರ್ ಲೆಕ್ಕದ ಅಗ್ಗದ ಇಂಕು. ಬಣ್ಣ ಪ್ರಿಂಟ್ ಪರವಾಗಿರಲಿಲ್ಲ. ಕಪ್ಪು ಬಿಳುಪು ಮಾತ್ರ ಕಿಟಕಿಯ ಬೆಳಕಿನಲ್ಲಿ ಹಸಿರು, ಮನೆಯ ಹಳದಿ ಬಲ್ಬಿನಡಿ ನೇರಳೆ. ಎರಡನೆಯ ಬಾಟಲಿ ಮೊದಲನೆಯದರಂತೆ ಇರಲಿಲ್ಲ, ಹಾಗಾಗಿ ಪ್ರೊಫೈಲ್ ಮಾಡಿ ಮುಗಿಸುವ ಹೊತ್ತಿಗೆ ಅದು ಕೆಲಸಕ್ಕೆ ಬಾರದಂತಾಗುತ್ತಿತ್ತು. ಕಾಗದ, ಇಂಕು, ಮತ್ತೆ ಮಾಡಿಕೊಟ್ಟ ಪ್ರಿಂಟುಗಳು ಸೇರಿ ಮೂವತ್ತು ಸಾವಿರದಷ್ಟು ಹೋಯಿತು. ಎರಡನೆಯದು, ಪರಿಚಯದ ಆರ್ಕಿಟೆಕ್ಟ್ ಕಚೇರಿಯಲ್ಲಿದ್ದ ನಾಲ್ಕು ಬಣ್ಣದ ಡ್ರಾಯಿಂಗ್ ಪ್ಲಾಟರ್. ಹೊಳಪಿಲ್ಲದ ಮ್ಯಾಟ್ ಕಾಗದದಲ್ಲಿ ಪೋಸ್ಟರಿಗೆ ಅದು ಸಾಕು. ಆದರೆ ತಿಳಿ ಸಯನ್, ತಿಳಿ ಮೆಜೆಂಟಾ, ಬೂದು ಇಂಕುಗಳಿಲ್ಲದ ಯಂತ್ರದಲ್ಲಿ ಮಂಜಿನ ಚಿತ್ರ ತೆಗೆದರೆ ಆಕಾಶದ ತುಂಬ ರವೆ ಚೆಲ್ಲಿದಂತೆ ಚುಕ್ಕೆ ಕಾಣುತ್ತದೆ. ಅಗ್ಗವೆಂದು ಆ ಜಾತಿಯ ಪ್ಲಾಟರನ್ನು ಫೋಟೊಕ್ಕೆ ಕೊಳ್ಳಲು ಹೊರಟವರು ಇದನ್ನೊಮ್ಮೆ ನೋಡಿ ಹೋಗಲಿ.

ಕೊನೆಗೆ ನಾನು ಕಂಡುಕೊಂಡದ್ದು ಇಷ್ಟು. ಹಳೆಯ ಪ್ರಿಂಟರ್ ಕೊಳ್ಳುವಾಗ ಬಣ್ಣ ಎಷ್ಟು, ಅಗಲ ಎಷ್ಟು ಎಂಬುದು ಆಮೇಲಿನ ಮಾತು. ಇಂಕು ಚಿಮ್ಮಿಸುವ ಹೆಡ್ ಕೆಟ್ಟರೆ ನಾನೇ ಬದಲಿಸಬಹುದೇ ಎಂಬುದನ್ನು ಮೊದಲು ಕೇಳಬೇಕು. ಎಪ್ಸನ್ ಸ್ಟೈಲಸ್ ಪ್ರೊ 7900ರ ಪ್ರಿಂಟ್ ಇಂದಿಗೂ ಚೆನ್ನ. ಆದರೆ ಅದರ ಪೀಜೋ ಹೆಡ್ (ವಿದ್ಯುತ್ತಿಗೆ ಬಾಗುವ ಹರಳಿನಿಂದ ಇಂಕು ಚಿಮ್ಮಿಸುವ ಬಗೆ) ಯಂತ್ರದ ಜೊತೆಗೇ ಬಾಳಬೇಕೆಂದು ಮಾಡಿದ್ದು. ಅದು ಕಟ್ಟಿಕೊಂಡರೆ ಸರ್ವಿಸಿನವರೇ ಬರಬೇಕು, ಬಿಲ್ಲು ಯಂತ್ರದ ಬೆಲೆಯನ್ನು ಮೀರುತ್ತದೆ. ಮ್ಯಾಟ್ ಕಾಗದದ ಮ್ಯಾಟ್ ಕಪ್ಪು, ಹೊಳಪಿನ ಕಾಗದದ ಫೋಟೊ ಕಪ್ಪು ಎರಡೂ ಒಂದೇ ದಾರಿಯಲ್ಲಿ ಹರಿಯುವುದರಿಂದ ಕಾಗದ ಬದಲಿಸಿದಾಗಲೆಲ್ಲ ಒಂದಿಷ್ಟು ಇಂಕು ಚರಂಡಿಗೆ. ಎಚ್‌ಪಿ ಡಿಸೈನ್‌ಜೆಟ್ ಝಡ್3200ರಲ್ಲಿ ಆರು ಹೆಡ್, ಒಂದೊಂದರಲ್ಲಿ ಎರಡು ಬಣ್ಣ, ನಾವೇ ಹಾಕಬಹುದು. ಒಳಗೇ ಬಣ್ಣ ಅಳೆಯುವ ಸ್ಪೆಕ್ಟ್ರೋಫೋಟೊಮೀಟರ್ ಕೂಡ ಇದೆ. ನನಗೆ ಬಹಳ ಆಸೆಯಿತ್ತು. ಆದರೆ ವಯಸ್ಸಾದ ಆ ಸರಣಿಯ ಯಂತ್ರಗಳಲ್ಲಿ ಹೆಡ್ಡುಗಳನ್ನು ಅತ್ತಿತ್ತ ಎಳೆಯುವ ಕ್ಯಾರೇಜ್ ಬೆಲ್ಟ್ ಪುಡಿಯಾಗುತ್ತದೆ ಎಂಬುದು ಬಳಸುವವರಿಗೆಲ್ಲ ಗೊತ್ತು, ಬೆಲ್ಟ್ ಬದಲಿಸುವುದು ಇಡೀ ದಿನದ ಕೆಲಸ. ಕ್ಯಾನನ್ ಐಪಿಎಫ್ 6400ರಲ್ಲಿ 12 ಇಂಕು, ಎರಡು ಕಪ್ಪಿಗೂ ಬೇರೆ ಬೇರೆ ದಾರಿ, ಎರಡು ಹೆಡ್, ಸ್ಕ್ರೂಡ್ರೈವರ್ ಕೂಡ ಇಲ್ಲದೆ ಬದಲಿಸಬಹುದು. ಇಂಕನ್ನು ಕಾಯಿಸಿ ಚಿಮ್ಮಿಸುವ ಈ ಥರ್ಮಲ್ ಹೆಡ್ ಸವೆಯುವ ವಸ್ತು, ನಿಜ. ಆದರೆ ಕೆಲವು ನಾಜಲ್ (ಇಂಕು ಚಿಮ್ಮುವ ರಂಧ್ರ) ಸತ್ತರೆ ಪಕ್ಕದವಕ್ಕೆ ಆ ಕೆಲಸ ಹಂಚುವ ಬುದ್ಧಿ ಯಂತ್ರಕ್ಕಿದೆ. ಸವೆದರೆ ಎಷ್ಟು ಖರ್ಚು ಎಂಬುದು ಮೊದಲೇ ಗೊತ್ತಿರುವುದು ನನ್ನಂಥವನಿಗೆ ದೊಡ್ಡ ನೆಮ್ಮದಿ.

ಹುಡುಕಾಟದಲ್ಲಿ ಯಂತ್ರವೊಂದು ನಲವತ್ತು ಸಾವಿರಕ್ಕೇ ಸಿಗುವುದಿತ್ತು. ಮಾರುವವನು "ಎರಡು ಸಲ ಕ್ಲೀನಿಂಗ್ ಕೊಟ್ಟರೆ ಸರಿಹೋಗುತ್ತದೆ ಸಾರ್, ಇಷ್ಟು ದಿನ ನಿಂತಿತ್ತು ಅಷ್ಟೆ" ಎಂದ. ನಾಜಲ್ ಚೆಕ್ ತೆಗೆಸಿದೆ. ಬಾಚಣಿಗೆಯ ಹಲ್ಲಿನ ಹಾಗೆ ಸಾಲಾಗಿ ಬರಬೇಕಿದ್ದ ಗೆರೆಗಳಲ್ಲಿ ತಿಳಿ ಮೆಜೆಂಟಾದ ಅರ್ಧ ಸಾಲೇ ಖಾಲಿ. ಎರಡನೆಯ ಕ್ಲೀನಿಂಗ್ ಆದ ಮೇಲೆ ಖಾಲಿ ಜಾಗ ಅಲ್ಲಿಯೇ ಇತ್ತು, ಒಂದಿಂಚೂ ಕದಲಿರಲಿಲ್ಲ. ಕದಲುತ್ತಿದ್ದರೆ ಅದು ಗಾಳಿ ಅಥವಾ ಒಣಗಿದ ಇಂಕು, ಕದಲದಿದ್ದರೆ ಆ ಹೆಡ್ಡಿನ ಕತೆ ಮುಗಿದಿದೆ ಎಂದೇ ಅರ್ಥ. ಚಹಾ ಕುಡಿದು ಎದ್ದು ಬಂದೆ.

ಐಪಿಎಫ್ 6400 ಸಿಕ್ಕಿದ್ದು ಪೀಣ್ಯದ ಕಡೆ ಮುಚ್ಚುತ್ತಿದ್ದ ಒಂದು ಪ್ರೂಫಿಂಗ್ (ಮುದ್ರಣಕ್ಕೆ ಮುಂಚಿನ ಮಾದರಿ ಪ್ರತಿ ತೆಗೆಯುವ) ಘಟಕದಲ್ಲಿ. ನಾನು ನೋಡಿದ್ದು ಮೂರೇ ಸಂಗತಿ. ನಾಜಲ್ ಚೆಕ್ಕನ್ನು ಮೊಬೈಲಿನಲ್ಲಿ ತೆಗೆದು ಹಿಗ್ಗಿಸಿ ನೋಡಿದೆ. ಯಂತ್ರದಿಂದಲೇ ಅದರ ಬಳಕೆಯ ವಿವರವಿರುವ ಸ್ಟೇಟಸ್ ಪ್ರಿಂಟ್ ತೆಗೆಸಿದೆ. ಆಮೇಲೆ ಹೆಡ್ ತೊಳೆದ ಇಂಕು ಸೇರುವ ಮೇಂಟೆನೆನ್ಸ್ ಕಾರ್ಟ್ರಿಜ್ ಎಷ್ಟು ತುಂಬಿದೆ, ಈಚೆಗೆ ಎಷ್ಟು ಪ್ರಿಂಟ್ ಆಗಿದೆ ಎಂಬುದನ್ನು ಹೋಲಿಸಿದೆ. ಪ್ರಿಂಟ್ ಕಡಿಮೆಯಿದ್ದು ಕಾರ್ಟ್ರಿಜ್ ತುಂಬಿದ್ದರೆ ಆ ಯಂತ್ರ ಕೆಲಸವಿಲ್ಲದೆ ಕೂತು ತನ್ನನ್ನೇ ತೊಳೆದುಕೊಳ್ಳುತ್ತಿತ್ತು ಎಂದು ತಿಳಿಯಿರಿ. ಇದು ದಿನವೂ ದುಡಿದ ಯಂತ್ರವಾಗಿತ್ತು. ಅವರು ಎಪ್ಪತ್ತೈದು ಸಾವಿರ ಹೇಳಿದರು, ಐವತ್ತೆಂಟಕ್ಕೆ ಇಳಿಸಿದೆ. ಹೇಗೆ ಇಳಿಸಿದೆ ಎಂಬುದನ್ನು ಬರೆಯುವುದಿಲ್ಲ. ಮಾರುವವರೂ ಕನ್ನಡ ಓದುತ್ತಾರೆ.

ಸಾಗಿಸುವ ಮೊದಲು ಮೆನುವಿನಲ್ಲಿ ಯಂತ್ರ ಸ್ಥಳಾಂತರದ ಆಯ್ಕೆಯನ್ನು ಕೊಟ್ಟು ಕೊಳವೆಗಳ ಇಂಕು ಇಳಿಸಲೇಬೇಕು. ಹಾಗೆಯೇ ಓರೆ ಮಾಡಿದರೆ ಟಾಟಾ ಏಸ್ ತುಂಬ ಹನ್ನೆರಡು ಬಣ್ಣದ ಹೋಳಿ. ಇಳಿಸಿದ ಇಂಕು ಹೋದದ್ದೇ, ಅದನ್ನೂ ಬೆಲೆಯಲ್ಲಿ ಸೇರಿಸಿಕೊಳ್ಳಿ. 130 ಮಿ.ಲೀ. ಕಾರ್ಟ್ರಿಜ್ ಒಂದಕ್ಕೆ ಏಳು ಸಾವಿರದ ಹತ್ತಿರ. ಹನ್ನೆರಡೂ ಒಟ್ಟಿಗೆ ಕೊಂಡರೆ ಎಂಬತ್ತನಾಲ್ಕು ಸಾವಿರ, ಅಂದರೆ ಮೂಗಿಗಿಂತ ಮೂಗುತಿ ಭಾರ! ನಾನು ಆರು ಕೊಂಡೆ. ತಿಳಿ ಬಣ್ಣಗಳು ಮತ್ತು ಬೂದುಗಳು ಬೇಗ ಖಾಲಿಯಾಗುತ್ತವೆ, ಕೆಂಪು ಹಸಿರು ನೀಲಿ ತಿಂಗಳುಗಟ್ಟಲೆ ಅಲುಗಾಡುವುದಿಲ್ಲ. ಆ ನಿಧಾನದ ಬಣ್ಣಗಳಿಗೆ ದಿನಾಂಕ ದಾಟಿದ ಕಾರ್ಟ್ರಿಜ್ ಅರ್ಧ ಬೆಲೆಗೆ ಸಿಕ್ಕರೆ ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತೇನೆ. ಯಂತ್ರ ಇದುವರೆಗೆ ತಕರಾರು ಮಾಡಿಲ್ಲ. ಎಲ್ಲಿ ಸಿಗುತ್ತದೆ ಎಂದು ಮಾತ್ರ ಕೇಳಬೇಡಿ. ಯಂತ್ರ, ಇಂಕು, ಸಾಗಣೆ, ಹೊಸ ಮೇಂಟೆನೆನ್ಸ್ ಕಾರ್ಟ್ರಿಜ್, ಒಂದು ಕೆವಿಎ ಯುಪಿಎಸ್ ಎಲ್ಲ ಸೇರಿ ಒಂದು ಲಕ್ಷದ ಹದಿನೈದು ಸಾವಿರದೊಳಗೆ ಮುಗಿಯಿತು.

ಯುಪಿಎಸ್ ಬೇಕೇ ಎಂದು ಕೇಳುವವರಿಗೆ ಒಂದು ಮಾತು. ಯಂತ್ರ ಎಳೆಯುವ ಕರೆಂಟು ಅಲ್ಪ. ಆದರೆ ಎರಡಡಿ ಮೂರಡಿಯ ಹತ್ತಿ ಕಾಗದದ ಪ್ರಿಂಟ್ ಮುಕ್ಕಾಲು ಭಾಗ ಬಂದಾಗ ದೀಪ ಹೋದರೆ ಆ ಕಾಗದ, ಆ ಇಂಕು ಎರಡೂ ಕಸ. ಹೆಡ್ ಮುಚ್ಚಳದ ಮೇಲೆ ಕೂರದೆ ನಡುದಾರಿಯಲ್ಲೇ ಒಣಗುತ್ತದೆ. ಯಂತ್ರವನ್ನು ಎಂದೂ ಪೂರ್ತಿ ಆರಿಸುವುದಿಲ್ಲ, ನಿದ್ರೆಯಲ್ಲಿದ್ದಾಗಲೂ ಅದು ತನ್ನ ಇಂಕನ್ನು ಕದಡಿಕೊಳ್ಳುತ್ತಿರಬೇಕು.

ಮೊದಲ ಬೇಸಿಗೆ ನನ್ನನ್ನು ಬಗ್ಗಿಸಿತು. ನಮ್ಮ ಊರಿನ ಹವೆ ತಂಪು ಎಂದು ಹೊಗಳುವವರು ಮಾರ್ಚ್ ಮಧ್ಯಾಹ್ನ ತೇವಾಂಶದ ಮೀಟರ್ ನೋಡಿರುವುದಿಲ್ಲ, ಮುಳ್ಳು ಶೇಕಡಾ 30ರ ಆಸುಪಾಸಿಗೆ ಇಳಿದಿರುತ್ತದೆ. ಹಾನೆಮ್ಯೂಲೆ ಫೋಟೊ ರ್‍ಯಾಗ್ 308 ಎಂಬ ಹತ್ತಿ ಕಾಗದದ ಅಂಚು ಮೇಲಕ್ಕೆ ಸುರುಳಿಯಾಗಿ ಹೆಡ್ಡಿಗೆ ತಾಗಿತು. ಬಿಳಿ ಅಂಚಿನ ಉದ್ದಕ್ಕೂ ಕಪ್ಪು ಬಳಿದ ಗುರುತು. ರೋಲಿನ ಕಾಲು ಭಾಗ ಹೀಗೇ ಹೋಯಿತು. ಹೆಡ್ ಎತ್ತರ ಒಂದು ಮೆಟ್ಟಿಲು ಏರಿಸಿ, ಕಾಗದವನ್ನು ಕೆಳಗೆ ಹಿಡಿದಿಡುವ ವ್ಯಾಕ್ಯೂಮ್ ಹೆಚ್ಚಿಸಿದೆ. ಅಷ್ಟಕ್ಕೇ ಸಾಲಲಿಲ್ಲ. ನೀರಿನ ಏರ್ ಕೂಲರ್ ತಂದಿಟ್ಟು ಕೋಣೆಯ ತೇವಾಂಶವನ್ನು ಶೇಕಡಾ 45ರ ಮೇಲೆ ನಿಲ್ಲಿಸಿದ ಮೇಲೆ ಕಾಗದ ಸಮಾಧಾನವಾಯಿತು. ಕೂಲರಿಗೆ ಆರು ಸಾವಿರ ಕೊಟ್ಟಿದ್ದೆ, ಒಂದು ರೋಲಿನ ಅರ್ಧ ಬೆಲೆಯೂ ಅಲ್ಲ.

ಇನ್ನೊಂದು ತಲೆನೋವು ಹತ್ತಿಯ ನಾರು. ಕಬಿನಿಯ ಕರಿ ಚಿರತೆಯ ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟಾಗ ಭುಜದ ಮೇಲೆ ಸಾಸಿವೆಗಿಂತ ಚಿಕ್ಕದೊಂದು ಬಿಳಿ ಚುಕ್ಕೆ. ಕಾಗದದ ಮೇಲೆ ಕೂತಿದ್ದ ನಾರು ಇಂಕನ್ನು ತಾನು ಹೀರಿಕೊಂಡು ಆಮೇಲೆ ಉದುರಿ ಹೋಗಿತ್ತು. ಈಗ ಹೊಸ ರೋಲ್ ಹಾಕಿದಾಗಲೆಲ್ಲ ಅಗಲದ ಮೃದು ಬ್ರಷ್ಷಿನಿಂದ, ಇಳಿಜಾರು ಹಿಡಿದು, ಗುಡಿಸುತ್ತೇನೆ. ಇಷ್ಟಕ್ಕೂ ಚಿರತೆಯ ಕಪ್ಪಿಗೆ ಮ್ಯಾಟ್ ಕಾಗದ ಒಗ್ಗುವುದಿಲ್ಲ. ಹೊಳಪಿನ ಬರೈಟಾ ಕಾಗದದಲ್ಲಿ ಕಪ್ಪಿನ ಸಾಂದ್ರತೆ (ಹೆಚ್ಚಿದ್ದಷ್ಟೂ ಗಾಢ) 2.2 ದಾಟಿದರೆ ಮ್ಯಾಟಿನಲ್ಲಿ 1.7 ಬಂದರೆ ಪುಣ್ಯ. ಗಿರಾಕಿಗೆ ಎರಡರ ತುಂಡನ್ನೂ ಕೈಗೆ ಕೊಟ್ಟರೆ ವಾದವೇ ಇರುವುದಿಲ್ಲ.

ಲೆಕ್ಕಕ್ಕೆ ಬರೋಣ. 24 ಇಂಚು ಅಗಲ, 12 ಮೀಟರ್ ಉದ್ದದ ರೋಲ್ ಎಂದರೆ ಸುಮಾರು 78 ಚದರ ಅಡಿ. ನಾನು ಕೊಟ್ಟದ್ದು ಹದಿನೈದೂವರೆ ಸಾವಿರ, ಅಂದರೆ ಅಡಿಗೆ ಇನ್ನೂರು ರೂಪಾಯಿಯ ಕಾಗದ. ಇಂಕು ಅಡಿಗೆ ಒಂದೂಕಾಲು ಮಿ.ಲೀ., ಅರವತ್ತೈದು ಎಪ್ಪತ್ತು ರೂಪಾಯಿ. ಕತ್ತರಿಸಿದ ಚೂರು, ಹಾಳಾದದ್ದು ಸೇರಿಸಿ ಮುನ್ನೂರು ಎಂದು ಹಿಡಿಯುತ್ತೇನೆ. ಹೊರಗೆ ನಾನು ತೆರುತ್ತಿದ್ದದ್ದು ಐನೂರೈವತ್ತು. ಈಗ ಐನೂರಕ್ಕೆ ಮಾಡಿಕೊಡುತ್ತೇನೆ. ತಿಂಗಳಿಗೆ ನೂರು ಅಡಿ ಆಚೀಚೆ. ವರ್ಷ ತುಂಬುವ ಮೊದಲೇ ಅಸಲು ವಾಪಸಾಯಿತು, ನಡುವೆ ಒಂದು ಹೆಡ್ಡಿಗೆ ಮೂವತ್ತು ಸಾವಿರ ಸುರಿದದ್ದನ್ನೂ ಸೇರಿಸಿ. ಬೇಡ ಎಂದಿದ್ದ ಗೆಳೆಯರಿಗೆ ಆ ಲೆಕ್ಕದ ಪುಸ್ತಕವನ್ನು ತೆರೆದೇ ತೋರಿಸಿದೆ.

ಪ್ರೊಫೈಲಿಗೆ ಕಾಗದದ ಕಂಪನಿಯವರು ಕೊಡುವುದರಿಂದಲೇ ಶುರು ಮಾಡಬಹುದು. ನಾನು ಸ್ಪೆಕ್ಟ್ರೋವನ್ನು ಬಾಡಿಗೆಗೆ ತಂದು, ಪುಕ್ಕಟೆಯಾಗಿ ಸಿಗುವ ತಂತ್ರಾಂಶ ಆರ್ಗಿಲ್‌ನಲ್ಲಿ ನನ್ನದೇ ಮಾಡಿಕೊಂಡೆ. ಅಳೆಯಲು ಮುದ್ರಿಸಿದ ಬಣ್ಣದ ಚೌಕಗಳನ್ನು (ಪ್ಯಾಚು) ಒಂದು ರಾತ್ರಿ ಒಣಗಲು ಬಿಟ್ಟು ಅಳೆಯಿರಿ. ಕಪ್ಪು ಬಿಳುಪಿನ ನೆರಳಿನ ಭಾಗ ಕೆಸರಾಗದಂತೆ ಒಂದು ಉಪಾಯ ಮಾಡಿದ್ದೇನೆ. ಅದನ್ನು ಇಲ್ಲಿ ಬರೆಯಲಾರೆ, ಬಾಡಿಗೆ ಕಟ್ಟಬೇಕಲ್ಲ.

ಕೆಲಸವಿಲ್ಲದ ವಾರ ಯಂತ್ರ ಒಣಗಬಾರದೆಂದು ಏನಾದರೂ ಮಾಡುತ್ತಿರುತ್ತೇನೆ. ಪಾರದರ್ಶಕ ಹಾಳೆಯಲ್ಲಿ ದೊಡ್ಡ ನೆಗೆಟಿವ್ ತೆಗೆದು, ಫೆರಿಕ್ ಅಮೋನಿಯಂ ಸಿಟ್ರೇಟ್ ಮತ್ತು ಪೊಟ್ಯಾಸಿಯಂ ಫೆರಿಸಯನೈಡ್ ಬಳಿದ ಕಾಗದದ ಮೇಲಿಟ್ಟು, ತಾರಸಿಯ ಬಿಸಿಲಿನಲ್ಲಿ ಸಯನೋಟೈಪ್ ಎಂಬ ನೀಲಿ ಚಿತ್ರ ಮಾಡಿದೆ. ಏಪ್ರಿಲ್ ಮಧ್ಯಾಹ್ನ ಹತ್ತು ನಿಮಿಷ ಸಾಕು. ಹಾಳೆ ಗಾಜಿನಂತಿರುವುದರಿಂದ ಯಂತ್ರದ ಸೆನ್ಸರಿಗೆ ಕಾಣುವುದೇ ಇಲ್ಲ, ಅಂಚಿಗೆ ಬಿಳಿ ಕಾಗದದ ಪಟ್ಟಿ ಅಂಟಿಸಿದರೆ ಒಳಗೆ ಬಿಟ್ಟುಕೊಳ್ಳುತ್ತದೆ. ಮೈಸೂರು ಶೈಲಿಯ ಚಿತ್ರಗಳ ನಕಲಿನಲ್ಲಿ ಚಿನ್ನದ ರೇಕು ಇಂಕಿನಲ್ಲಿ ಬರಿಯ ಸಾಸಿವೆ ಬಣ್ಣವಾಗಿ ಕೂರುತ್ತಿತ್ತು. ಈಗ ಕ್ಯಾನ್ವಾಸಿನ ಮೇಲೆ ತೆಗೆದು, ವಾರ್ನಿಷ್ ಹೊಡೆದು, ರೇಕನ್ನು ಕಲಾವಿದರೇ ಕೈಯಿಂದ ಕೂರಿಸುತ್ತಾರೆ. ಕುಮಾರಕೃಪಾ ರಸ್ತೆಯ ಚಿತ್ರಸಂತೆಯಲ್ಲಿ ಅವು ಒಳ್ಳೆಯ ಬೆಲೆಗೆ ಹೋದವು.

ನನ್ನ ಯಂತ್ರದ ಮಾದರಿ 2012ರದ್ದು, ಇಂಕು ಎಂದೆಂದಿಗೂ ಸಿಗುವುದಿಲ್ಲ. ಆದ್ದರಿಂದ ಈಗಲೇ ಕ್ಯಾನನ್‌ನದೇ ಒಂದು ಹಳೆಯ ಪ್ರೊ-2000 ಪ್ರಿಂಟರ್ ಮೇಲೆ ಕಣ್ಣಿಟ್ಟಿದ್ದೇನೆ. ಅದರಲ್ಲಿ ಹನ್ನೆರಡು ದಾರಿಗೂ ಒಂದೇ ಹೆಡ್, ಕೆಟ್ಟರೆ ಎಲ್ಲಕ್ಕೂ ಒಟ್ಟಿಗೇ ದುಡ್ಡು ತೆರಬೇಕು ಎಂಬುದೊಂದು ಅಳುಕು. ಮಾಲೀಕರು ಒಂದು ಲಕ್ಷದ ನಲವತ್ತು ಹೇಳುತ್ತಿದ್ದಾರೆ, ನಾನು ಒಂದು ಲಕ್ಷದ ಐದಕ್ಕೆ ಕೂತಿದ್ದೇನೆ. ಅವರ ಮೇಂಟೆನೆನ್ಸ್ ಕಾರ್ಟ್ರಿಜ್ ಮುಕ್ಕಾಲು ತುಂಬಿದೆ, ಪ್ರಿಂಟ್ ಮಾತ್ರ ಅಷ್ಟು ಆಗಿಲ್ಲ.