ಪಿಜಿ ಥೀಸಿಸ್‌ಗೆ ಎಥಿಕ್ಸ್ ಕಮಿಟಿ ಒಪ್ಪಿಗೆ: ಅರ್ಜಿ ತಿರುಗಿ ಬರದಂತೆ ಬರೆಯುವುದು ಹೇಗೆ

ಖಾಸಗಿ ಡೀಮ್ಡ್ ವಿಶ್ವವಿದ್ಯಾಲಯದ ಮೆಡಿಕಲ್ ಕಾಲೇಜಿನಲ್ಲಿ ಥೀಸಿಸ್ ಪ್ರೋಟೊಕಾಲ್ (ಅಧ್ಯಯನದ ಯೋಜನೆ) ಸಾಮಾನ್ಯವಾಗಿ ಎರಡು ಬಾಗಿಲು ದಾಟಬೇಕು: ಮೊದಲು ವೈಜ್ಞಾನಿಕ ಸಮಿತಿ, ಆಮೇಲೆ ರೋಗಿಗಳ ಹಿತ ಕಾಯುವ ಎಥಿಕ್ಸ್ ಕಮಿಟಿ. ಕಮಿಟಿಯ ಒಪ್ಪಿಗೆ ಪತ್ರ ಬರುವ ಮೊದಲೇ ಅಧ್ಯಯನಕ್ಕೆಂದು ರೋಗಿಗಳನ್ನು ಸೇರಿಸಿಕೊಂಡರೆ ಆ ಮಾಹಿತಿ ದಂಡ. ಹಿಂದಿನ ತಾರೀಕಿಗೆ ಒಪ್ಪಿಗೆ ಸಿಗುವುದಿಲ್ಲ. ಹಾಗಾಗಿ ಕಮಿಟಿ ಸಭೆಯ ದಿನ ಯಾವುದು, ಅರ್ಜಿಗೆ ಕೊನೆಯ ದಿನ ಯಾವುದು ಎಂದು ಮೊದಲೇ ವಿಚಾರಿಸಿಕೊಳ್ಳಿ.

ಕಮಿಟಿಯಲ್ಲಿ ಯಾರಿರುತ್ತಾರೆ ಎಂದು ತಿಳಿದರೆ ಯಾರಿಗಾಗಿ ಬರೆಯಬೇಕು ಎಂಬುದೂ ಗೊತ್ತಾಗುತ್ತದೆ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಂತೆ ಅಧ್ಯಕ್ಷರು ಸಂಸ್ಥೆಯ ಹೊರಗಿನವರು, ಸದಸ್ಯ ಕಾರ್ಯದರ್ಶಿ ಒಳಗಿನವರು. ವೈದ್ಯರ ಜೊತೆ ಕಾನೂನು ಬಲ್ಲವರು, ಸಮಾಜ ವಿಜ್ಞಾನಿ, ವೈದ್ಯಕೀಯಕ್ಕೆ ಸಂಬಂಧವಿಲ್ಲದ ಸಾಮಾನ್ಯ ನಾಗರಿಕರೂ ಕೂರುತ್ತಾರೆ. ಕೋರಂಗೆ ಕನಿಷ್ಠ ಐವರು ಬೇಕು. ನಿಮ್ಮ ಗೈಡ್ ಕಮಿಟಿಯ ಸದಸ್ಯರಾಗಿದ್ದರೂ ನಿಮ್ಮ ಅರ್ಜಿಯ ತೀರ್ಮಾನದ ಹೊತ್ತಿಗೆ ಅವರು ಎದ್ದು ಹೊರಗೆ ಹೋಗಬೇಕು, ಆ ನಂಟನ್ನು ನೆಚ್ಚಿಕೊಳ್ಳಬೇಡಿ.

ಎಷ್ಟು ರೋಗಿಗಳು?

ವೈಜ್ಞಾನಿಕ ಸಮಿತಿಯಲ್ಲಿ ಹೆಚ್ಚಿನವರು ಎಡವುವುದು ಸ್ಯಾಂಪಲ್ ಸೈಜ್ ಬಳಿ. ‘ಸಮಯ ಇರುವುದು ಇಷ್ಟೇ, ಆದ್ದರಿಂದ 100’ ಎಂಬುದು ಲೆಕ್ಕವಲ್ಲ. ಮಧುಮೇಹಿಗಳಲ್ಲಿ ಎಷ್ಟು ಮಂದಿಗೆ ನರಹಾನಿ (ನ್ಯೂರೋಪತಿ) ಇದೆ ಎಂದು ನೋಡುವ ಅಧ್ಯಯನ ಎಂದುಕೊಳ್ಳಿ. ಹಿಂದಿನ ಪ್ರಬಂಧವೊಂದರಲ್ಲಿ ಶೇ. 30 ಕಂಡುಬಂದಿದೆ, ನಿಮಗೆ ಆಚೀಚೆ ಶೇ. 5ರ ನಿಖರತೆ ಸಾಕು ಎಂದಿಟ್ಟುಕೊಳ್ಳಿ. ಶೇ. 95ರ ವಿಶ್ವಾಸಮಟ್ಟಕ್ಕೆ ಬಳಸುವ ಸಂಖ್ಯೆ 1.96, ಅದರ ವರ್ಗ 3.84. ಅದನ್ನು 0.30 ಮತ್ತು 0.70ರಿಂದ ಗುಣಿಸಿ, 0.05ರ ವರ್ಗದಿಂದ ಭಾಗಿಸಿದರೆ 322.6, ಅಂದರೆ 323 ಜನ. ಹತ್ತರಲ್ಲಿ ಒಬ್ಬರು ಅರ್ಧಕ್ಕೇ ಬಿಟ್ಟು ಹೋಗಬಹುದು ಎಂದಾದರೆ 323ನ್ನು 0.9ರಿಂದ ಭಾಗಿಸಿ: 359.

ಇಲ್ಲೊಂದು ಮೋಸವಿದೆ. ಶೇ. 30ರ ಶೇ. 20 ಎಂದು ಸಾಪೇಕ್ಷ ನಿಖರತೆ ಹಿಡಿದರೆ ಭಾಜಕದಲ್ಲಿ 0.05ರ ಬದಲು 0.06ರ ವರ್ಗ ಬರುತ್ತದೆ, ಸಂಖ್ಯೆ 224ಕ್ಕೆ ಇಳಿಯುತ್ತದೆ. ಎರಡೂ ತಪ್ಪಲ್ಲ. ಆದರೆ ಯಾವುದನ್ನು ಬಳಸಿದ್ದೀರಿ, ಶೇ. 30 ಯಾವ ಪ್ರಬಂಧದ್ದು ಎಂದು ಬರೆಯದಿದ್ದರೆ ಅರ್ಜಿ ವಾಪಸ್. ಇನ್ನೊಂದು ಮಾತು: ನಿಮ್ಮ ಓಪಿಡಿ ರಿಜಿಸ್ಟರಿನಲ್ಲಿ ತಿಂಗಳಿಗೆ ಅಂಥ ರೋಗಿಗಳು ಎಷ್ಟು ಬರುತ್ತಾರೆ ಎಂದು ಎಣಿಸಿ ನೋಡಿ. ಹತ್ತೇ ಜನ ಬರುವ ಕಡೆ ಒಂದೂವರೆ ವರ್ಷದಲ್ಲಿ 359 ಆಗುವುದಿಲ್ಲ. ವಿಷಯವನ್ನೇ ಬದಲಿಸಲು ಇದೇ ಸಮಯ.

ರೋಗಿಯ ಒಪ್ಪಿಗೆ ಪತ್ರದ ಕನ್ನಡ

ಎಥಿಕ್ಸ್ ಕಮಿಟಿಯ ಸಾಮಾನ್ಯ ನಾಗರಿಕ ಸದಸ್ಯರು ಮೊದಲು ತಿರುವಿ ನೋಡುವುದು ರೋಗಿಯ ಮಾಹಿತಿ ಪತ್ರವನ್ನು. ಇಂಗ್ಲಿಷನ್ನು ಯಂತ್ರಕ್ಕೆ ಹಾಕಿ ತೆಗೆದ ಕನ್ನಡ ಅಲ್ಲೇ ಸಿಕ್ಕಿಬೀಳುತ್ತದೆ. ‘ಯಾದೃಚ್ಛಿಕವಾಗಿ ನಿಯೋಜಿಸಲಾಗುವುದು’ ಎಂದರೆ ಓಪಿಡಿ ಬೆಂಚಿನ ಮೇಲೆ ಕೂತವರಿಗೆ ಏನೂ ತಿಳಿಯದು. ‘ಎರಡು ಚಿಕಿತ್ಸೆಗಳಲ್ಲಿ ನಿಮಗೆ ಯಾವುದು ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸುತ್ತೇವೆ, ಡಾಕ್ಟರು ಆರಿಸುವುದಿಲ್ಲ’ ಎಂದು ಬರೆಯಿರಿ. 5 ಮಿ.ಲೀ. ರಕ್ತ ಎನ್ನುವ ಕಡೆ ‘ಸುಮಾರು ಒಂದು ಟೀ ಚಮಚದಷ್ಟು’ ಎಂದು ಸೇರಿಸಿ. ಬೇಡ ಅಂದರೂ ಚಿಕಿತ್ಸೆಗೆ ತೊಂದರೆಯಿಲ್ಲ, ನಡುವೆ ಯಾವಾಗ ಬೇಕಾದರೂ ಬಿಡಬಹುದು ಎಂಬ ಮಾತು ಸ್ಪಷ್ಟವಾಗಿರಲಿ. ಬರೆದದ್ದನ್ನು ವಿಭಾಗದ ಆಯಾ ಒಬ್ಬರಿಗೆ ಓದಿ ಹೇಳಿ, ಏನು ಅರ್ಥವಾಯಿತು ಎಂದು ಕೇಳಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಭಾಷೆ ಊರಿನ ಮೇಲೆ ಹೋಗುತ್ತದೆ. ಮಂಗಳೂರಿನ ಆಸ್ಪತ್ರೆಗೆ ಕಾಸರಗೋಡಿನಿಂದ ಬರುವವರಿಗೆ ಮಲಯಾಳಂ, ಬೆಳಗಾವಿಯಲ್ಲಿ ಮರಾಠಿ ಪ್ರತಿಯೂ ಬೇಕಾಗುತ್ತದೆ. ಓದಲು ಬಾರದವರಿಗೆ ಪತ್ರ ಓದಿ ಹೇಳಿ ಹೆಬ್ಬೆಟ್ಟು ಹಾಕಿಸುವಾಗ, ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರ ಸಹಿ ಇರಬೇಕು. ನಿಮ್ಮದೇ ಯೂನಿಟ್ಟಿನ ಜೂನಿಯರ್ ಸಾಕ್ಷಿಯಾಗಲಾರರು. ಮಕ್ಕಳಾದರೆ ಪೋಷಕರ ಸಹಿಯ ಜೊತೆಗೆ 7ರಿಂದ 12 ವರ್ಷದವರ ಬಾಯಿಮಾತಿನ ಸಮ್ಮತಿ, 12 ದಾಟಿ 18 ತುಂಬದವರ ಲಿಖಿತ ಸಮ್ಮತಿ ಬೇಕು.

ಬಿಲ್ ಯಾರದು?

ಖಾಸಗಿ ಆಸ್ಪತ್ರೆಯಲ್ಲಿ ಅತಿ ಮುಖ್ಯವಾದ, ಆದರೆ ಹೊಸಬರು ಮರೆಯುವ ಪ್ರಶ್ನೆ ಇದು. ಚಿಕಿತ್ಸೆಗೆ ಹೇಗೂ ಬೇಕಿದ್ದ ಪರೀಕ್ಷೆ ರೋಗಿಯ ಬಿಲ್ಲಿನಲ್ಲಿ ಇರಬಹುದು. ಥೀಸಿಸ್‌ಗಾಗಿಯೇ ಮಾಡಿಸುವ ವಿಟಮಿನ್ ಡಿ ಪರೀಕ್ಷೆಯೋ ಎಂಆರ್‌ಐಯೋ ಅವರ ತಲೆಗೆ ಬೀಳಬಾರದು. ಪ್ರತಿ ಪರೀಕ್ಷೆಯ ಮುಂದೆ ‘ರೂಢಿಯ ಚಿಕಿತ್ಸೆ’ ಅಥವಾ ‘ಅಧ್ಯಯನಕ್ಕೆ’ ಎಂದು ಬರೆದು, ಎರಡನೆಯದಕ್ಕೆ ಹಣ ಎಲ್ಲಿಂದ ಎಂದು ತೋರಿಸಿ: ವಿಶ್ವವಿದ್ಯಾಲಯದ ಅನುದಾನ, ಹೊರಗಿನ ಅನುದಾನ ಅಥವಾ ಲ್ಯಾಬಿನ ವಿನಾಯಿತಿ ಪತ್ರ. ‘ಸ್ವಂತ ಖರ್ಚು’ ಎಂದು ಬರೆದರೆ ಒಟ್ಟು ಎಷ್ಟಾಗುತ್ತದೆ ಎಂದು ಕಮಿಟಿ ಕೇಳೇ ಕೇಳುತ್ತದೆ. ಅಧ್ಯಯನಕ್ಕೆಂದೇ ರೋಗಿಯನ್ನು ಮತ್ತೊಮ್ಮೆ ಕರೆಸುವುದಾದರೆ ಬಸ್ ಚಾರ್ಜನ್ನೂ ಲೆಕ್ಕಕ್ಕೆ ಹಿಡಿಯಿರಿ.

ಎರಡು ಚಿಕಿತ್ಸೆಗಳನ್ನು ಹೋಲಿಸುವ ಅಧ್ಯಯನವಾದರೆ ಕಮಿಟಿಯ ಪತ್ರ ಬಂದ ಮೇಲೆ, ಮೊದಲ ರೋಗಿಯನ್ನು ಸೇರಿಸುವ ಮುಂಚೆ, ಸಿಟಿಆರ್‌ಐಯಲ್ಲಿ (ಚಿಕಿತ್ಸಾ ಪ್ರಯೋಗಗಳನ್ನು ದಾಖಲಿಸುವ ಭಾರತದ ನೋಂದಣಿ ತಾಣ) ನೋಂದಣಿ ಮುಗಿಸಿ. ಶುಲ್ಕವಿಲ್ಲ, ಆದರೆ ಪ್ರಶ್ನೆ ಕೇಳಿ ಮರಳಿಸುವುದುಂಟು, ಆ ವಾರಗಳನ್ನೂ ಲೆಕ್ಕ ಹಾಕಿ. 2018ರ ಏಪ್ರಿಲ್‌ನಿಂದ ತಡವಾದ ನೋಂದಣಿಗೆ ಅಲ್ಲಿ ಅವಕಾಶವಿಲ್ಲ.

ಹೆಸರು, ಆಸ್ಪತ್ರೆ ಸಂಖ್ಯೆ ಇರುವ ಪಟ್ಟಿಯನ್ನು ಅಧ್ಯಯನದ ಅಂಕಿಅಂಶ ತುಂಬುವ ಶೀಟಿನಿಂದ ಬೇರೆ ಇಡಿ. ವಾಟ್ಸ್ಆ್ಯಪ್ ಗುಂಪಿಗೆ ಕೇಸ್ ಶೀಟಿನ ಫೋಟೊ ಹಾಕಬೇಡಿ. ಪ್ರತಿ ದಾಖಲೆಯ ಅಡಿಯಲ್ಲಿ ಆವೃತ್ತಿ ಸಂಖ್ಯೆ ಮತ್ತು ತಾರೀಕು ಇರಲಿ, ಯಾಕೆಂದರೆ ಒಪ್ಪಿಗೆ ಸಿಗುವುದು ಆ ಆವೃತ್ತಿಗೆ ಮಾತ್ರ. ಪ್ರಶ್ನಾವಳಿಗೆ ಒಂದು ಪ್ರಶ್ನೆ ಸೇರಿಸಿದರೂ, ಗೈಡ್ ಬದಲಾದರೂ ತಿದ್ದುಪಡಿ ಅರ್ಜಿ ಹಾಕಿ, ಉತ್ತರ ಬರುವ ತನಕ ಹಳೆಯ ಪ್ರತಿಯಲ್ಲೇ ಕೆಲಸ ಮುಂದುವರಿಸಿ.